ಆಂಪ್ಲಿಫೈಯರಿನ ವ್ಯಾಟ್ ಎಷ್ಟೆಂದು ಬಿಲ್ಲಿನಲ್ಲೇ ಬರೆದುಕೊಡಲಿ

ಮಾನ್ಯ ಸಂಪಾದಕರೆ,

ದಸರೆ, ದೀಪಾವಳಿ ಹತ್ತಿರ ಬಂತೆಂದರೆ ಪತ್ರಿಕೆಗಳ ತುಂಬ ಹೋಮ್ ಥಿಯೇಟರ್, ಆಂಪ್ಲಿಫೈಯರ್, ಟವರ್ ಸ್ಪೀಕರುಗಳ ಜಾಹೀರಾತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಎರಡೇ ಸಂಖ್ಯೆ, ಬೆಲೆ ಮತ್ತು ವ್ಯಾಟ್. ಬೆಲೆ ನಿಜವಾದದ್ದು. ಅಗ್ಗದ ಸೆಟ್ಟುಗಳಲ್ಲಿ ವ್ಯಾಟ್ ಬಹುತೇಕ ಸುಳ್ಳು. ಬಾಗಲಕೋಟೆಯ ನವನಗರದಲ್ಲಿ ಬಹಳ ವರ್ಷಗಳಿಂದ ರೇಡಿಯೊ, ಟೇಪ್‌ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದವನು ನಾನು. ಆ ಸಂಖ್ಯೆ ನಂಬಿ ರೊಕ್ಕ ಹಾಕಿದವರು ಕಡೆಗೆ ಸುಟ್ಟ ಸ್ಪೀಕರ್ ಹಿಡಿದುಕೊಂಡು ಬರುವುದು ನನ್ನಂಥವರ ಹತ್ತಿರವೇ. ಈ ಹಬ್ಬಕ್ಕೆ ಮೊದಲೇ ನಾಲ್ಕು ಮಾತು ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ಈಚೆಗೆ ಜಮಖಂಡಿ ಕಡೆಯ ಹುಡುಗನೊಬ್ಬ ಒಂದು ಸೆಟ್ ತಂದಿದ್ದ. ಮುಂದೆ ಬಂಗಾರದ ಬಣ್ಣದ ಸ್ಟಿಕರ್ ಮೇಲೆ ‘5000 ವ್ಯಾಟ್ ಪಿಎಂಪಿಒ’ (ಕ್ಷಣಮಾತ್ರಕ್ಕೆ ಬರುವ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಸಂಖ್ಯೆ) ಅಂತ ಇತ್ತು. "ಸರ, ಐದು ಸಾವಿರ ವ್ಯಾಟ್ ಐತ್ರೀ, ಆದ್ರ ವಾಲ್ಯೂಮ್ ಅರ್ಧ ದಾಟಿದ್ರ ಸಾಕು, ಗರಗರ ಅಂತೈತಿ" ಅಂದ. ಹಿಂದಿನ ಮುಚ್ಚಳ ಬಿಚ್ಚಿ ಅವನಿಗೇ ತೋರಿಸಿದೆ. ಒಳಗಿದ್ದದ್ದು 4440 ಐಸಿಯ (ಶಬ್ದ ದೊಡ್ಡದು ಮಾಡುವ ಚಿಪ್) ಒಂದು ಬೋರ್ಡು, ಅಂಗೈಯಷ್ಟೂ ಇಲ್ಲದ ಒಂದು ಹೀಟ್‌ಸಿಂಕ್, 12-0-12ರ 3 ಆಂಪಿಯರ್ ಟ್ರಾನ್ಸ್‌ಫಾರ್ಮರ್. ಇಪ್ಪತ್ನಾಲ್ಕು ವೋಲ್ಟನ್ನು ಮೂರು ಆಂಪಿಯರಿಗೆ ಗುಣಿಸಿದರೆ 72. ಹಿಗ್ಗಿಸಿ ಹಿಗ್ಗಿಸಿ ಲೆಕ್ಕ ಹಾಕಿದರೂ ಆ ಟ್ರಾನ್ಸ್‌ಫಾರ್ಮರ್ ಅದಕ್ಕಿಂತ ಹೆಚ್ಚು ಕೊಡಲಾರದು. ಅದರಲ್ಲೂ ಒಂದು ಪಾಲು ಶಾಖವಾಗಿ ಹೀಟ್‌ಸಿಂಕಿಗೆ ಹೋಗುತ್ತದೆ. ಆ ಐಸಿ ಕೊಡುವುದಾದರೂ ಎಷ್ಟು? ತಯಾರಿಸಿದ ಕಂಪನಿಯ ದಾಖಲೆಯಲ್ಲೇ ಎಡ-ಬಲ ಎರಡು ಚಾನೆಲ್‌ಗೆ ತಲಾ 6 ವ್ಯಾಟ್, ಎರಡನ್ನೂ ಕೂಡಿಸಿ ಒಂದೇ ಚಾನೆಲ್ ಮಾಡಿ ಬ್ರಿಡ್ಜ್ ಹಾಕಿದರೆ 19 ವ್ಯಾಟ್ ಅಂತ ಇದೆ. ಇನ್ನು ಡಬ್ಬದ ಹಿಂಬದಿಯ ಸಣ್ಣ ಪಟ್ಟಿಯಲ್ಲಿ, ಯಾರೂ ಓದದ ಜಾಗದಲ್ಲಿ, ‘230 ವೋಲ್ಟ್, 60 ವ್ಯಾಟ್’ ಎಂದು ಅವರೇ ಬರೆದಿದ್ದರು. ಮುಂದೆ ಐದು ಸಾವಿರ, ಹಿಂದೆ ಅರವತ್ತು. ಹುಡುಗ ಸಾಲ ಮಾಡಿ ತಗೊಂಡಿದ್ದ. ಅವನ ಮುಖ ನೋಡಲಿಕ್ಕೆ ಆಗಲಿಲ್ಲ.

ಓದುಗರು ಒಂದು ಸರಳ ಲೆಕ್ಕ ತಲೆಯಲ್ಲಿಟ್ಟುಕೊಳ್ಳಲಿ. ಟಿವಿ ಪಕ್ಕದ 6 ಆಂಪಿಯರ್ ಪ್ಲಗ್ಗಿನಿಂದ ಎಳೆಯಲು ಬರುವುದೇ ಹೆಚ್ಚೆಂದರೆ 1,380 ವ್ಯಾಟ್. ಆ ಪ್ಲಗ್ಗಿಗೆ ಚುಚ್ಚುವ ಡಬ್ಬ ಐದು ಸಾವಿರ ವ್ಯಾಟ್ ಶಬ್ದ ಎಲ್ಲಿಂದ ತರಬೇಕು? ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ವಿಧಾನವೇ ಇಲ್ಲ. ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ, ಅದೂ ಒಂದು ಚಾನೆಲ್‌ಗೆ ಎಷ್ಟು, ಎಷ್ಟು ಓಮ್‌ಗೆ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ), ಶಬ್ದ ಎಷ್ಟು ಕೆಡುವವರೆಗೆ ಅಳೆದದ್ದು ಎಂದು. ಅಮೆರಿಕದಲ್ಲಿ ಇದಕ್ಕೊಂದು ಸರಕಾರಿ ನಿಯಮ 1974ರಿಂದಲೇ ಇದೆ. 2024ರಲ್ಲಿ ಅದನ್ನು ತಿದ್ದಿ, ಮನೆಯ ಆಂಪ್ಲಿಫೈಯರಿನ ವ್ಯಾಟ್ ಹೇಳುವಾಗ 8 ಓಮ್ ಲೋಡಿಗೆ, 20ರಿಂದ 20,000 ಹರ್ಟ್ಝ್‌ವರೆಗೆ, ಶೇಕಡ 1ಕ್ಕಿಂತ ಕಡಿಮೆ ಡಿಸ್ಟಾರ್ಶನ್‌ನಲ್ಲಿ (ಶಬ್ದ ಕೆಡುವಿಕೆ) ಅಳೆದ ಸಂಖ್ಯೆ ಹೇಳಬೇಕೆಂದು ಗಟ್ಟಿ ಮಾಡಿದ್ದಾರೆ. ನಮ್ಮಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಮೇಲೆ ಕಾಣುವ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಶಾಕ್ ಹೊಡೆಯದಂತೆ, ಬೆಂಕಿ ಹತ್ತದಂತೆ ನೋಡಿಕೊಳ್ಳುವ ಸುರಕ್ಷತೆಯ ಗುರುತು. ಅದು ಬೇಕೇ ಬೇಕು. ಆದರೆ ಆ ಗುರುತಿದ್ದ ಮಾತ್ರಕ್ಕೆ ವ್ಯಾಟ್ ನಿಜವೆಂದು ತಿಳಿಯಬಾರದು.

ಹಾಗಾದರೆ ಮನೆಗೆ ಎಷ್ಟು ವ್ಯಾಟ್ ಬೇಕು? ಗಿರಾಕಿಗಳು ಮೊದಲು ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು, ಸ್ಪೀಕರ್ ಯಾವುದು, ಖೋಲಿ ಎಷ್ಟು ದೊಡ್ಡದು ಎಂದು. ಒಳ್ಳೆಯ ಸ್ಪೀಕರಿನ ಕಾಗದದಲ್ಲಿ ಸೆನ್ಸಿಟಿವಿಟಿ ಎಂಬ ಒಂದು ಸಾಲು ಇರುತ್ತದೆ. 88 ಡೆಸಿಬೆಲ್ ಎಂದಿದ್ದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದ ಬರುತ್ತದೆ ಎಂದರ್ಥ. ಹನ್ನೆರಡು ಅಡಿಗೆ ಹದಿನಾಲ್ಕು ಅಡಿಯ ಪಡಸಾಲೆಯಲ್ಲಿ, ಮೂರು ಮೀಟರ್ ದೂರ ಕುಳಿತರೂ, ಎರಡು ಸ್ಪೀಕರ್ ಕೂಡಿ ಒಂದೊಂದೇ ವ್ಯಾಟಿನಲ್ಲಿ 80 ಡೆಸಿಬೆಲ್ ದಾಟಿಸುತ್ತವೆ. ಮನೆಯಲ್ಲಿ ಅದು ಜೋರು ಶಬ್ದವೇ. ಪಕ್ಕದಲ್ಲಿದ್ದವರ ಜೊತೆ ದನಿ ಏರಿಸಿ ಮಾತಾಡಬೇಕಾಗುತ್ತದೆ.

ಉಳಿದ ವ್ಯಾಟೆಲ್ಲ ಯಾತಕ್ಕೆ ಅಂದರೆ ಏರಿಕೆಗೆ. ಭೀಮಸೇನ ಜೋಶಿಯವರು ಮಂದ್ರದಲ್ಲಿ ಸಾವಕಾಶ ಆಲಾಪ ಮಾಡುತ್ತ ಇದ್ದವರು ಒಮ್ಮೆಲೇ ತಾರಕಕ್ಕೆ ತಾನ್ ಹೊಡೆದಾಗ, ತಬಲಾದ ಬಾಯಾಂ ಮೇಲೆ ಅಂಗೈ ಬಿದ್ದಾಗ, ಸಿನೆಮಾದಲ್ಲಿ ಗುಡುಗು ಬಂದಾಗ, ಆ ಕ್ಷಣಕ್ಕೆ ಸರಾಸರಿಗಿಂತ 15–20 ಡೆಸಿಬೆಲ್ ಮೇಲೆ ಹೋಗುತ್ತದೆ. ಪ್ರತಿ 3 ಡೆಸಿಬೆಲ್‌ಗೆ ವ್ಯಾಟ್ ದುಪ್ಪಟ್ಟು, 10ಕ್ಕೆ ಹತ್ತು ಪಟ್ಟು, 20ಕ್ಕೆ ನೂರು ಪಟ್ಟು. ಆ ಗಳಿಗೆಯಲ್ಲಿ ಆಂಪ್ಲಿಫೈಯರ್ ದಣಿಯದೆ ಕೊಡಬೇಕು. ನಮ್ಮ ಮನೆಗಳ ಅಳತೆಗೆ, ಸಾಧಾರಣ 87–88ರ ಸ್ಪೀಕರ್ ಇದ್ದರೆ, ಒಂದು ಚಾನೆಲ್‌ಗೆ 40ರಿಂದ 60 ನಿಜವಾದ ವ್ಯಾಟ್ ಬೇಕಾದಷ್ಟಾಯಿತು. ಸ್ಪೀಕರ್ 84ರದಿದ್ದರೆ ಮಾತು ಬೇರೆ. 90ರ ಸ್ಪೀಕರಿಗೆ 25 ವ್ಯಾಟ್ ಸಾಲುವ ಕಡೆ ಅದಕ್ಕೆ 100 ವ್ಯಾಟ್ ಬೇಕು. ಹಾಗೆಂದೇ ನಾನು ಹೇಳುವುದು, ಸ್ಪೀಕರ್ ಮೊದಲು ಆರಿಸಿ, ಆಂಪ್ಲಿಫೈಯರ್ ಆಮೇಲೆ. ಬಹಳ ಮಂದಿ ಉಲ್ಟಾ ಮಾಡುತ್ತಾರೆ. 80 ವ್ಯಾಟಿನದಕ್ಕೂ 100 ವ್ಯಾಟಿನದಕ್ಕೂ ಶಬ್ದದಲ್ಲಿ ಇರುವ ಅಂತರ ಬರೀ 1 ಡೆಸಿಬೆಲ್. ಅಷ್ಟಕ್ಕಾಗಿ ಹತ್ತು ಸಾವಿರ ರೂಪಾಯಿ ಹೆಚ್ಚು ಕೊಟ್ಟವರನ್ನು ಕಂಡಿದ್ದೇನೆ. ಆ ರೊಕ್ಕ ಸ್ಪೀಕರಿಗೆ ಹಾಕಿದ್ದರೆ ಮನೆಮಂದಿಗೆಲ್ಲ ವ್ಯತ್ಯಾಸ ತಿಳಿಯುತ್ತಿತ್ತು.

ಓಮ್ ಲೆಕ್ಕವನ್ನೂ ಅಂಗಡಿಗಳಲ್ಲಿ ಹೇಳುವುದಿಲ್ಲ. ಸ್ಪೀಕರಿನ ಹಿಂದೆ 8 ಓಮ್, 6 ಓಮ್, 4 ಓಮ್ ಎಂದು ಬರೆದಿರುತ್ತದೆ. ಓಮ್ ಕಡಿಮೆಯಾದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಬರೆದ ಸಂಖ್ಯೆಯೂ ಸ್ಥಿರವಲ್ಲ, ಹಾಡಿನ ಸ್ವರ ಬದಲಾದಂತೆ ಏರಿಳಿಯುತ್ತದೆ, ಕೆಲವು ಕಡೆ 3ಕ್ಕೂ ಇಳಿಯುತ್ತದೆ. ಆಂಪ್ಲಿಫೈಯರಿನ ಹಿಂದೆ ‘6ರಿಂದ 16 ಓಮ್’ ಎಂದು ಬರೆದಿದ್ದರೆ ಅದಕ್ಕೆ 4 ಓಮ್ ಸ್ಪೀಕರ್ ಹಚ್ಚಿ ಜೋರು ಹಾಕಬೇಡಿ. ಒಂದೇ ಚಾನೆಲ್‌ಗೆ ಎರಡು ಸ್ಪೀಕರ್ ಜೋಡಿಸಿ, ಒಂದನ್ನು ಪಡಸಾಲೆಯಲ್ಲೂ ಇನ್ನೊಂದನ್ನು ಅಡುಗೆಮನೆಯಲ್ಲೂ ಇಡುವ ರೂಢಿ ನಮ್ಮಲ್ಲಿದೆ. 8 ಓಮ್‌ನ ಎರಡು ಹೀಗೆ ಪ್ಯಾರಲಲ್ ಆಗಿ ಸೇರಿದರೆ 4 ಓಮ್ ಆಗಿಹೋಗುತ್ತದೆ. ಚೈತ್ರ-ವೈಶಾಖದಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜಿನ ಶೋಕೇಸಿನಲ್ಲಿ ನಾಲ್ಕೂ ಕಡೆ ಮುಚ್ಚಿಟ್ಟ ಆಂಪ್ಲಿಫೈಯರ್ ಅದರ ಮೇಲೆ ಇಂಥ ಲೋಡನ್ನೂ ಹೊತ್ತರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಉಳಿಯುವುದು ಕಷ್ಟ. ಮೇಲೆ ಒಂದು ಗೇಣಾದರೂ ಗಾಳಿಗೆ ಜಾಗ ಬಿಡಿ.

ದೊಡ್ಡ ಆಂಪ್ಲಿಫೈಯರ್ ಸ್ಪೀಕರನ್ನು ಸುಡುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ನನ್ನ ಮೇಜಿಗೆ ಬರುವ ಟ್ವೀಟರುಗಳಲ್ಲಿ (ತೀಕ್ಷ್ಣ ಸ್ವರ ನುಡಿಸುವ ಸಣ್ಣ ಸ್ಪೀಕರ್) ಹೆಚ್ಚಿನವು ಸತ್ತಿರುವುದು ಸಣ್ಣ ಆಂಪ್ಲಿಫೈಯರಿನಿಂದ. ಇಪ್ಪತ್ತು ವ್ಯಾಟಿನದನ್ನು ಕಡೆಯವರೆಗೆ ತಿರುಗಿಸಿದಾಗ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು. ಆಗ ಮೂಲ ಹಾಡಿನಲ್ಲಿ ಇಲ್ಲದ ತೀಕ್ಷ್ಣ ಸ್ವರಗಳು ಹುಟ್ಟಿ ಎಲ್ಲವೂ ಟ್ವೀಟರಿಗೆ ಹೋಗಿ ಬೀಳುತ್ತವೆ. ಟ್ವೀಟರ್ ಬಿಚ್ಚಿದರೆ ಕೂದಲೆಳೆಯಷ್ಟು ಸಣ್ಣ ತಂತಿಯ ಕಾಯಿಲ್ ಕಪ್ಪಾಗಿ, ಕರಕಲು ವಾಸನೆ ಹೊಡೆಯುತ್ತಿರುತ್ತದೆ. ಮೀಟರ್ ಹಚ್ಚಿದರೆ ಓಪನ್, ಅಂದರೆ ತಂತಿ ತುಂಡಾಗಿರುತ್ತದೆ. ನಿಜವಾದ ವ್ಯಾಟ್ ಹೆಚ್ಚಿದ್ದು, ವಾಲ್ಯೂಮ್ ಹಿಡಿತದಲ್ಲಿದ್ದರೆ ಸ್ಪೀಕರ್ ಸುರಕ್ಷಿತ. ಶಬ್ದ ಒರಟಾದದ್ದು ಕಿವಿಗೆ ಗೊತ್ತಾದ ಕೂಡಲೆ ಇಳಿಸಬೇಕು, ಆಂಪ್ಲಿಫೈಯರ್ ಎಷ್ಟೇ ದೊಡ್ಡದಿರಲಿ.

ಹೋಮ್ ಥಿಯೇಟರ್ ರಿಸೀವರುಗಳಲ್ಲಿ (ಎಲ್ಲ ಸ್ಪೀಕರುಗಳನ್ನು ನಡೆಸುವ ಡಬ್ಬ) ಮೋಸ ಇನ್ನೊಂದು ಬಗೆಯದು, ಸ್ವಲ್ಪ ಮರ್ಯಾದೆಯದು. ‘ಚಾನೆಲ್‌ಗೆ 150 ವ್ಯಾಟ್’ ಎಂದು ದೊಡ್ಡದಾಗಿ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘6 ಓಮ್, 1 ಕಿಲೊಹರ್ಟ್ಝ್, ಶೇ 10 ಡಿಸ್ಟಾರ್ಶನ್, ಒಂದು ಚಾನೆಲ್ ಮಾತ್ರ’ ಎಂದು ಬರೆದಿರುತ್ತಾರೆ. ಸುಳ್ಳಲ್ಲ, ಆದರೆ ಶೇ 10ರಷ್ಟು ಕೆಟ್ಟ ಶಬ್ದವನ್ನು ಯಾರು ಕೂತು ಕೇಳುತ್ತಾರೆ? ಐದು ಚಾನೆಲ್ ಒಟ್ಟಿಗೆ ದುಡಿಯುವಾಗ ಒಂದೇ ಟ್ರಾನ್ಸ್‌ಫಾರ್ಮರ್ ಎಲ್ಲಕ್ಕೂ ಹಂಚಬೇಕು, ಆಗ ಆ 150 ಎಲ್ಲಿಯೂ ಉಳಿಯುವುದಿಲ್ಲ. ಎರಡು ಚಾನೆಲ್‌ಗೆ, 8 ಓಮ್‌ಗೆ, ಪೂರ್ತಿ ಸ್ವರವ್ಯಾಪ್ತಿಗೆ ಕೊಟ್ಟ ಸಂಖ್ಯೆಯನ್ನಷ್ಟೇ ನೋಡಿ. ಅದು 80 ಇದ್ದರೆ ಚೆನ್ನಾಗಿದೆ. ಕೆಳಸ್ವರಕ್ಕೆಂದೇ ಇರುವ ಸ್ಪೀಕರ್ ಆದ ಸಬ್‌ವೂಫರಿಗೆ ತನ್ನದೇ ಆಂಪ್ಲಿಫೈಯರ್ ಒಳಗಿರುವುದನ್ನು ತೆಗೆದುಕೊಂಡು, ರಿಸೀವರಿನಲ್ಲಿ ಉಳಿದ ಸ್ಪೀಕರನ್ನು ‘ಸ್ಮಾಲ್’ ಎಂದು ಇಟ್ಟು, 80 ಹರ್ಟ್ಝ್‌ಗೆ ಕ್ರಾಸ್‌ಓವರ್ (ಸ್ವರ ಹಂಚುವ ಗಡಿ) ಹಾಕಿ. ಹೆಚ್ಚು ಕರೆಂಟ್ ತಿನ್ನುವ ಕೆಳಸ್ವರಗಳ ಹೊರೆಯೆಲ್ಲ ಸಬ್‌ವೂಫರಿಗೆ ಹೋಗಿ ರಿಸೀವರ್ ಹಗುರಾಗುತ್ತದೆ. ಪ್ರೀಔಟ್ (ಬೇರೆ ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವ ಕಿಂಡಿ) ಇರುವ ರಿಸೀವರ್ ಸಿಕ್ಕರೆ ಇನ್ನೂ ಒಳ್ಳೆಯದು. ಮುಂದೆಂದಾದರೂ ಎಡಬಲದ ಸ್ಪೀಕರಿಗೆ ಬೇರೆ ಪವರ್ ಆಂಪ್ಲಿಫೈಯರ್ ಸೇರಿಸಲು ದಾರಿ ಇರುತ್ತದೆ. ಅಂದಹಾಗೆ, ತೂಕ ನೋಡಿ ಆರಿಸುವ ಹಳೆಯ ರೂಢಿ ಈಗ ಪೂರ್ತಿ ನಡೆಯದು. ಕ್ಲಾಸ್ ಡಿ ಎಂಬ ಬಗೆಯ ಆಂಪ್ಲಿಫೈಯರುಗಳು ಹಗುರ, ಬಿಸಿಯೂ ಕಡಿಮೆ, ಚೆನ್ನಾಗಿ ಮಾಡಿದವು ಶಬ್ದದಲ್ಲಿ ಯಾವುದಕ್ಕೂ ಕಡಿಮೆಯಿಲ್ಲ.

ಖೋಲಿಯ ಮಾತನ್ನು ಬಿಟ್ಟರೆ ಈ ಪತ್ರ ಅರ್ಧವಾದೀತು. ಆಲಮಟ್ಟಿ ಹಿನ್ನೀರಿಗೆ ಹೋದ ಹಳೇ ಬಾಗಲಕೋಟೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಗೋಡೆ, ಕಟ್ಟಿಗೆಯ ತೊಲೆ-ಜಂತಿ ಇದ್ದವು. ಅಲ್ಲಿ ಧಾರವಾಡ ಆಕಾಶವಾಣಿಯ ಗಾಯನ ಸಣ್ಣ ರೇಡಿಯೊದಲ್ಲೂ ತಿಳಿಯಾಗಿ ಕೇಳುತ್ತಿತ್ತು. ನವನಗರದ ಆರ್‌ಸಿಸಿ ಮನೆಗಳಲ್ಲಿ ನೆಲಕ್ಕೆ ನುಣುಪು ಟೈಲ್ಸ್ ಇಲ್ಲವೆ ಇಳಕಲ್ ಗ್ರಾನೈಟ್, ಗೋಡೆಗೆ ಪುಟ್ಟಿ. ಶಬ್ದ ಎಲ್ಲ ಕಡೆಯಿಂದ ತಿರುಗಿ ಬಂದು ಮಾತೇ ತಿಳಿಯದಂತಾಗುತ್ತದೆ. ಮಾತು ತಿಳಿಯದಿದ್ದರೆ ಜನ ವಾಲ್ಯೂಮ್ ಏರಿಸುತ್ತಾರೆ, ಇಲ್ಲವೆ ಹೆಚ್ಚು ವ್ಯಾಟಿನದು ತರುತ್ತಾರೆ. ಎರಡರಿಂದಲೂ ಗೊಂದಲ ಹೆಚ್ಚುತ್ತದೆ. ನನ್ನ ಗಿರಾಕಿ ಅಕ್ಕನವರೊಬ್ಬರು ತಮ್ಮ ತಾಯಿ ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ದಪ್ಪ ಕೌದಿಯನ್ನು ಸೋಫಾದ ಹಿಂದಿನ ಗೋಡೆಗೆ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿದರು. ನಾನೇ ಹೋಗಿ ಕೇಳಿ ಬಂದೆ. ಅದೇ ಆಂಪ್ಲಿಫೈಯರ್, ಅದೇ ಸ್ಪೀಕರ್, ವಾರ್ತೆ ಓದುವವರ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತಿತ್ತು. ಖರ್ಚು ಏನೂ ಇಲ್ಲ.

ಅಂಗಡಿಯವರು ನಮ್ಮೂರವರೇ, ಅವರ ಹೊಟ್ಟೆಯ ಮೇಲೆ ಹೊಡೆಯುವುದು ನನಗೆ ಬೇಡ. ಕೇಳುವುದು ಇಷ್ಟೇ: ಆರ್‌ಎಂಎಸ್ ವ್ಯಾಟ್ ಚಾನೆಲ್‌ಗೆ ಎಷ್ಟು, ಎಷ್ಟು ಓಮ್‌ಗೆ ಎಂಬುದನ್ನು ಬಿಲ್ಲಿನ ಮೇಲೆ ಬರೆದುಕೊಡಲಿ. ಬರೆದುಕೊಟ್ಟ ಕಾಗದ ಗಿರಾಕಿಯ ಕೈಯಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಳುವುದಕ್ಕೆ ಆಧಾರವಿರುತ್ತದೆ. ದಾರಿ ತಪ್ಪಿಸುವ ಜಾಹೀರಾತು ಆ ಕಾಯ್ದೆಯ ಪ್ರಕಾರ ತಪ್ಪು. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೊಳ್ಳುವವರು ತಮಗೆ ಬಾಯಿಪಾಠವಾದ ಒಂದು ಹಾಡನ್ನು ಮೊಬೈಲಿನಲ್ಲಿ ಒಯ್ದು, ಅಂಗಡಿಯಲ್ಲಿ ಅದನ್ನೇ ಹಾಕಿಸಿ, ಕುಳಿತು ಕೇಳಲಿ. ಅಂಗಡಿಯವರ ಡೆಮೊ ಹಾಡು ಬೇಡ. ಇನ್ನು ನಿಮ್ಮ ಪತ್ರಿಕೆಯ ಜಾಹೀರಾತು ವಿಭಾಗದವರಲ್ಲಿ ನನ್ನ ಕಳಕಳಿಯ ವಿನಂತಿ, ಈ ಹಬ್ಬದಿಂದಲೇ ‘ಪಿಎಂಪಿಒ’ ಎಂದು ಬರೆದ ಜಾಹೀರಾತು ಬಂದರೆ ಆರ್‌ಎಂಎಸ್ ಸಂಖ್ಯೆಯನ್ನೂ ಕೇಳಿ ಪಡೆದು, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿ.

ಇಂತಿ ತಮ್ಮ ಓದುಗ,
ರೇಡಿಯೊ ಮತ್ತು ಆಂಪ್ಲಿಫೈಯರ್ ರಿಪೇರಿಯವ,
ನವನಗರ, ಬಾಗಲಕೋಟೆ