ಪೀಣ್ಯದ ಅಣ್ಣಂದಿರಿಗೆ, ಅಕ್ಕಂದಿರಿಗೆ, ಎನ್ಸ್ಖೆಡೆಯ ಗೈಡ್‌ಗಳಿಗೆ: ಥೀಸಿಸ್ ಪಾಸಾಯಿತು

ಹೋದ ವಾರ ನನ್ನ ಮಾಸ್ಟರ್ಸ್ ಥೀಸಿಸ್ ಡಿಫೆನ್ಸ್, ಅಂದರೆ ಬರೆದದ್ದನ್ನು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳುವುದು, ಮುಗಿಯಿತು. ಪಾಸ್! ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಅವತ್ತೇ ಒಂದೊಂದು ಸಾಲು ಥ್ಯಾಂಕ್ಸ್ ಹೇಳಿದ್ದೆ. ಆದರೆ ಅದು ಸಾಲದು ಅನ್ನಿಸಿತು. ಈ ಕೆಲಸಕ್ಕೆ ಹೆಗಲು ಕೊಟ್ಟವರು ತುಂಬಾ ಜನ, ಅವರಲ್ಲಿ ಮುಕ್ಕಾಲು ಜನರ ಹೆಸರನ್ನು ನಾನು ಎಲ್ಲೂ ಬರೆಯುವ ಹಾಗಿಲ್ಲ. ಯಾಕೆ ಅಂತ ಹೇಳುತ್ತೇನೆ, ಈ ಬರಹ ಬರೆಯಲು ಕೂತಿದ್ದೇ ಅದಕ್ಕೆ.

ಏನು ಓದಿದೆ ಅಂತ ಮನೆಯವರೇ ಇನ್ನೂ ಕೇಳುತ್ತಾರೆ, ಹಾಗಾಗಿ ಮೊದಲು ಅದು. ನಾನಿದ್ದದ್ದು ನೆದರ್ಲೆಂಡ್ಸ್‌ನ ಎನ್ಸ್ಖೆಡೆಯಲ್ಲಿ, ಓದಿದ್ದು ಬಿಹೇವಿಯರಲ್ ಸೈನ್ಸ್, ಅಂದರೆ ಜನ ಹೇಗೆ, ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಅನ್ನುವ ಓದು. ಥೀಸಿಸ್ ವಿಷಯ ವರ್ಕ್‌ಪ್ಲೇಸ್ ಇನ್ನೋವೇಶನ್. ಹೊಸ ಆಪ್, ಹೊಸ ಮಷೀನ್ ಅಂದುಕೊಳ್ಳಬೇಡಿ. ಕೆಲಸ ಹೇಗೆ ಹಂಚುತ್ತಾರೆ, ತೀರ್ಮಾನ ಯಾರು ತೆಗೆದುಕೊಳ್ಳುತ್ತಾರೆ, ದುಡಿಯುವವರ ಮಾತಿಗೆ ಎಷ್ಟು ಬೆಲೆ, ಇದನ್ನೆಲ್ಲ ಬದಲಾಯಿಸುವ ವಿಚಾರ. ಬದಲಾಯಿಸಿದ ಮೇಲೆ ಕಂಪನಿಗೂ ಒಳ್ಳೆಯದಾಗಬೇಕು, ದುಡಿಯುವವರಿಗೂ ಒಳ್ಳೆಯದಾಗಬೇಕು. ಎರಡೂ ಆದರೇನೇ ಅದಕ್ಕೆ ಈ ಹೆಸರು. 2013ರಲ್ಲಿ ಯುರೋಪಿಯನ್ ಕಮಿಷನ್ ಇದಕ್ಕಂತಲೇ ಯೂವಿನ್ ಅನ್ನುವ ಜಾಲ ಶುರು ಮಾಡಿತು. ಎನ್ಸ್ಖೆಡೆ ಹತ್ತಿರದ ಆಲ್ಮೆಲೊದಲ್ಲಿ ಬ್ಯೂರ್ಟ್‌ಸೋರ್ಗ್ ಅಂತ ಒಂದು ಸಂಸ್ಥೆ ಇದೆ, ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗಳದ್ದು. 2006ರಲ್ಲಿ ಯೋಸ್ ಡೆ ಬ್ಲಾಕ್ ಕಟ್ಟಿದ್ದು, ಅವರೂ ನರ್ಸ್ ಆಗಿದ್ದವರೇ. ಒಂದು ತಂಡದಲ್ಲಿ ಹೆಚ್ಚೆಂದರೆ 12 ಜನ. ತಂಡಕ್ಕೆ ಮ್ಯಾನೇಜರ್ ಇಲ್ಲ, ಯಾರು ಯಾವ ಮನೆಗೆ ಹೋಗಬೇಕು ಅನ್ನುವುದನ್ನು ಅವರವರೇ ಕೂತು ಮಾತಾಡಿ ತೀರ್ಮಾನಿಸುತ್ತಾರೆ. ನಮ್ಮ ಕ್ಲಾಸಿನಲ್ಲಿ ಈ ಉದಾಹರಣೆ ಬರದ ವಾರವೇ ಇರಲಿಲ್ಲ.

ನಾನು ದಾವಣಗೆರೆಯವಳು. ನಮ್ಮ ಅಜ್ಜ ಹತ್ತಿ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು ನಮ್ಮದು, ಆಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಎನ್ಸ್ಖೆಡೆಯೂ ಬಟ್ಟೆ ಗಿರಣಿಗಳ ಊರೇ, ಅಲ್ಲೂ ಹಾಗೇ ಆಯಿತು. ನನ್ನ ಮೊದಲ ಗೈಡ್‌ಗೆ ಇದನ್ನು ಒಮ್ಮೆ ಮಾತಿಗೆ ಹೇಳಿದ್ದೆ. ಮುಂದಿನ ಸಲ ಹೋದಾಗ ಅವರು ಒಂದು ಹಳೆಯ ಲೇಖನ ಪ್ರಿಂಟ್ ತೆಗೆದು ಇಟ್ಟಿದ್ದರು. ಜನ ಒಟ್ಟಿಗೆ ದುಡಿಯುವ ರೀತಿಯನ್ನು ಅಧ್ಯಯನ ಮಾಡುವ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ 1953ರಲ್ಲಿ ಬರೆದದ್ದು, ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನ ಬಗ್ಗೆ.

ಅದಕ್ಕಿಂತ ಮುಂಚೆ, 1951ರಲ್ಲಿ, ಅದೇ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದಿದ್ದರು. ಬ್ಯಾಮ್‌ಫೋರ್ತ್ ಸ್ವತಃ ಗಣಿಯಲ್ಲಿ ದುಡಿದವರು. ಯಂತ್ರ ಬಂತು, ಕೆಲಸವನ್ನು ತುಂಡು ಮಾಡಿ ಹಂಚಿದರು, ಒಟ್ಟಿಗೆ ದುಡಿಯುತ್ತಿದ್ದ ಸಣ್ಣ ಗುಂಪುಗಳು ಒಡೆದವು, ಅಂದುಕೊಂಡಷ್ಟು ಕಲ್ಲಿದ್ದಲು ಮಾತ್ರ ಬರಲಿಲ್ಲ. ಅಹಮದಾಬಾದಿನಲ್ಲೂ ಹೊಸ ಆಟೋಮ್ಯಾಟಿಕ್ ಮಗ್ಗ ಹಾಕಿ 12 ಬಗೆಯ ಕೆಲಸ ಅಂತ ಹಂಚಿದ್ದರು, ಯಾರು ಯಾವ ಮಗ್ಗಕ್ಕೆ ಜವಾಬ್ದಾರಿ ಅನ್ನುವುದೇ ತಿಳಿಯದ ಹಾಗಾಗಿತ್ತು. ಇಷ್ಟು ಮಗ್ಗಕ್ಕೆ ಒಂದು ಗುಂಪು ಅಂತ ಮಾಡಿದರೆ ಹೇಗೆ ಅಂತ ಮಾತು ಬಂದಾಗ ಕಾರ್ಮಿಕರೇ ಅದನ್ನು ಎತ್ತಿಕೊಂಡು, ತಾವೇ ಗುಂಪು ಕಟ್ಟಿಕೊಂಡು ಕೆಲಸ ಶುರು ಮಾಡಿಬಿಟ್ಟರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಮ್ಮಿಯಾಯಿತು. 1970ರಲ್ಲಿ ಟ್ಯಾವಿಸ್ಟಾಕಿನವರೇ ಆದ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಆ ಪದ್ಧತಿ ಇನ್ನೂ ನಡೆಯುತ್ತಿತ್ತು. ನಮ್ಮ ಅಜ್ಜನಂಥವರು ಮಗ್ಗದ ಮುಂದೆ ನಿಂತು ಮಾಡಿದ್ದನ್ನು ಜಗತ್ತೆಲ್ಲ ಓದುತ್ತಿದೆ ಅಂತ ನನಗೆ ತಿಳಿಸಿಕೊಟ್ಟಿದ್ದು ಆ ಲೇಖನ. ನಾನು ಬೆಂಗಳೂರಿನ ಕಾರ್ಖಾನೆಯಲ್ಲೇ ಥೀಸಿಸ್ ಮಾಡುತ್ತೇನೆ ಅಂತ ಹಟ ಹಿಡಿದಿದ್ದೂ ಅದರಿಂದಲೇ. ಗೈಡ್ ಮೇಡಂ, ನನ್ನ ಮೊದಲ ನಮಸ್ಕಾರ ನಿಮಗೆ.

ಇನ್ನು ಥೀಸಿಸ್ ನಿಯಮಗಳ ವಿಚಾರ, ಹೆಸರು ಬರೆಯುವ ಹಾಗಿಲ್ಲ ಅಂದಿದ್ದು ಇವುಗಳಿಂದಲೇ. ನೆದರ್ಲೆಂಡ್ಸ್‌ನಲ್ಲಿ ಒಂದು ಕ್ರೆಡಿಟ್ ಅಂದರೆ 28 ಗಂಟೆ ಕೆಲಸ, ವರ್ಷಕ್ಕೆ 60 ಕ್ರೆಡಿಟ್, ಅದರಲ್ಲಿ ದೊಡ್ಡ ಪಾಲು ಥೀಸಿಸ್‌ಗೇ ಹೋಗುತ್ತದೆ. ಮೊದಲು ಪ್ರಪೋಸಲ್: ಏನು ಪ್ರಶ್ನೆ, ಇದುವರೆಗೆ ಯಾರು ಏನು ಹೇಳಿದ್ದಾರೆ, ನೀನು ಹೇಗೆ ಉತ್ತರ ಹುಡುಕುತ್ತೀಯ. ಆಮೇಲೆ ಎಥಿಕ್ಸ್ ಕಮಿಟಿ. ಅವರು ಒಪ್ಪುವ ತನಕ ಒಬ್ಬರನ್ನೂ ಮಾತಾಡಿಸುವ ಹಾಗಿಲ್ಲ. ಆಮೇಲೆ ಡೇಟಾ ಎಲ್ಲಿಡುತ್ತೀಯ, ಯಾವಾಗ ಅಳಿಸುತ್ತೀಯ ಅನ್ನುವ ಪ್ಲ್ಯಾನ್. ಕೊನೆಗೆ ಇಬ್ಬರು ಗೈಡ್‌ಗಳೂ ಸರಿ ಅಂದರೆ ಗ್ರೀನ್ ಲೈಟ್, ಆಮೇಲೆ ಡಿಫೆನ್ಸ್.

ಇದರಲ್ಲಿ ಎಥಿಕ್ಸ್ ಅರ್ಜಿಯನ್ನು ಎಲ್ಲರೂ ತಲೆನೋವು ಅಂತಾರೆ. ನಾನು ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಆ ಅರ್ಜಿ ಕೇಳುವುದು ಇಷ್ಟು: ಮಾತಾಡುವವರು ತಾವಾಗಿಯೇ ಒಪ್ಪಿದ್ದಾರಾ? ಒಪ್ಪದಿದ್ದರೆ ಅವರಿಗೆ ಏನಾದರೂ ತೊಂದರೆ ಆಗುತ್ತಾ? ಸಹಿ ಹಾಕಿದ ಮೇಲೂ ಕಾರಣ ಹೇಳದೆ ಹಿಂದೆ ಸರಿಯಬಹುದು ಅಂತ ಅವರಿಗೆ ಗೊತ್ತಾ? ಅವರು ಹೇಳಿದ್ದು ಅವರ ಮೇಲಿನವರಿಗೆ ಸಿಗದ ಹಾಗೆ ಏನು ಮಾಡಿದ್ದೀಯ?

ಈ ಕೊನೆಯ ಪ್ರಶ್ನೆಯಲ್ಲೇ, ನಾನು ಕಾರ್ಮಿಕರನ್ನು ಮಾತಾಡಿಸಬೇಕಿದ್ದ ಮೊದಲ ಕಂಪನಿ ಕೈತಪ್ಪಿತು. ಅವರು ಒಪ್ಪಿಗೆ ಕೊಟ್ಟಿದ್ದರು, ನಾನು ಬೆಂಗಳೂರಿಗೆ ಬಂದು ಇಳಿದಿದ್ದೆ. ಆಗ, ಯಾರು ಏನು ಹೇಳಿದರು ಅನ್ನುವ ಪಟ್ಟಿ ಬೇಕು, ರೆಕಾರ್ಡಿಂಗ್ ಕೂಡ ಕೊಡಬೇಕು ಅಂದರು. ಕೊಡುವ ಹಾಗಿಲ್ಲ ಅಂದೆ. ಹಾಗಾದರೆ ಬೇಡ ಅಂದರು. ಆ ದಿನಗಳು ನಿಜಕ್ಕೂ ಕಷ್ಟದವು. ಸೆಪ್ಟೆಂಬರ್ ದಾಟಿದರೆ ಮತ್ತೆ ಫೀಸು ಕಟ್ಟಬೇಕು, ಯುರೋಪಿನ ಹೊರಗಿನವರಿಗೆ ಅದು ಸಣ್ಣ ಮೊತ್ತವಲ್ಲ, ಮೇಲೆ ಎಜುಕೇಶನ್ ಲೋನು, ವೀಸಾದ ಅವಧಿ, ಮನೆಯಲ್ಲಿ ಅಮ್ಮ ದಿನಾ ಕೇಳುವ "ಏನಾಯ್ತೇ ಕಂಪನೀದು". ರಾತ್ರಿ ಗೈಡ್‌ಗೆ ಮೇಲ್ ಹಾಕಿದೆ. ಬೆಳಗ್ಗೆ ಏಳುವಷ್ಟರಲ್ಲಿ ಉತ್ತರ ಬಂದಿತ್ತು. ಪಟ್ಟಿ ಕೊಡಬೇಡ, ಕಂಪನಿ ಇನ್ನೊಂದು ಸಿಗುತ್ತದೆ, ಆದರೆ ನಿನ್ನನ್ನು ನಂಬಿ ಮಾತಾಡಿದ ಒಬ್ಬರ ಕೆಲಸ ಹೋದರೆ ಅದನ್ನು ನಾವು ವಾಪಸ್ ಕೊಡಿಸಲು ಆಗುವುದಿಲ್ಲ ಅಂತ ಬರೆದಿದ್ದರು. ಅದನ್ನು ಓದಿದ ಮೇಲೆ ನನಗೆ ಧೈರ್ಯ ಬಂತು. ಎರಡನೇ ಗೈಡ್ ಹೊಸ ಜಾಗಕ್ಕೆ ಅರ್ಜಿ ತಿದ್ದಿಸಿ, ಕಮಿಟಿ ಬೇಗ ನೋಡುವ ಹಾಗೆ ಮಾಡಿದರು. ಡಿಪಾರ್ಟ್‌ಮೆಂಟಿನ ಸಲಹೆಗಾರರು ಫೀಸು, ಗಡುವು ಎಲ್ಲ ಬಿಡಿಸಿ ಹೇಳಿದರು. ನಮ್ಮ ಚಿಕ್ಕಪ್ಪ ಪೀಣ್ಯದ ವರ್ಕ್‌ಶಾಪುಗಳಿಗೆ ಟೂಲ್ಸ್ ಸಪ್ಲೈ ಮಾಡುವವರು. ಅವರು ಬೈಕಿನ ಹಿಂದೆ ಕೂರಿಸಿಕೊಂಡು ಎರಡನೇ ಹಂತದ ಗಲ್ಲಿಗಲ್ಲಿ ತಿರುಗಿಸಿದರು. ಚಿಕ್ಕಪ್ಪ, ಆ ಬಿಸಿಲು ನಾನು ಮರೆಯಲ್ಲ.

ಕೊನೆಗೆ ಒಬ್ಬ ಓನರ್ ಸಿಕ್ಕರು. ಸಣ್ಣ ಯೂನಿಟ್, ಸಿಎನ್‌ಸಿ ಲೇತ್‌ಗಳಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ, ಲೋಹ ತಿರುಗಿಸಿ ಕಡೆಯುವ ಮಷೀನುಗಳಲ್ಲಿ, ಬುಷ್, ಪಿನ್ ಥರದ ಸಣ್ಣ ಭಾಗಗಳನ್ನು ಬೇರೆ ಕಂಪನಿಗಳಿಗೆ ತಿರುವಿಕೊಡುವ ಜಾಬ್‌ವರ್ಕ್. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ, "ಅಂದ್ರೆ ನಂಗೂ ಹೇಳಲ್ಲ ನೀವು?" ಅಂತ ಕೇಳಿದರು. ಇಲ್ಲ ಸರ್ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಸಹಿ ಹಾಕಿದರು. ಮಾತಾಡಿಸಲು ಸ್ಟೋರ್ ರೂಮ್ ಬಿಟ್ಟುಕೊಟ್ಟರು, ಆ ಹೊತ್ತಿನ ಸಂಬಳ ಯಾರಿಗೂ ಕಟ್ ಮಾಡಲಿಲ್ಲ. ಸರ್, ನಿಮ್ಮ ಹೆಸರು ಹಾಕಿದರೆ ನಿಮ್ಮಲ್ಲಿ ಕೆಲಸ ಮಾಡುವವರು ಯಾರೆಂದು ಗೊತ್ತಾಗುತ್ತದೆ, ಅದಕ್ಕೇ ಹಾಕುತ್ತಿಲ್ಲ.

ಆ ಸ್ಟೋರ್ ರೂಮಿಗೆ ಬಂದವರ ಬಗ್ಗೆ ಹೇಳದೆ ಈ ಬರಹ ಮುಗಿಯುವುದಿಲ್ಲ. ಕಲಬುರಗಿ ಕಡೆಯ ಒಬ್ಬ ಆಪರೇಟರ್ ಅಣ್ಣ ಮೊದಮೊದಲು ಎಲ್ಲದಕ್ಕೂ "ಎಲ್ಲಾ ಚಲೋ ಅದ ರೀ ಮೇಡಂ" ಅಂದರು. ಪತ್ರವನ್ನು ಮತ್ತೊಮ್ಮೆ ಓದಿ ಹೇಳಿದೆ. ಇದು ಓನರ್‌ಗೆ ಹೋಗುವುದಿಲ್ಲ, ಬೇಡ ಅನ್ನಿಸಿದರೆ ಈಗಲೇ ಎದ್ದು ಹೋಗಬಹುದು ಅಂತ. ಅವರು ಎದ್ದರು. ಹೋಗಿಯೇ ಬಿಟ್ಟರು ಅಂದುಕೊಂಡೆ. "ಬರ್‍ರಿ, ತೋರಿಸ್ತೀನಿ" ಅಂತ ಮಷೀನಿನ ಹತ್ತಿರ ಕರೆದುಕೊಂಡು ಹೋದರು. ತಿರುವಿದ ಪೀಸು ಬಂದು ಬೀಳುವ ಟ್ರೇಯಲ್ಲಿ ಲೋಹದ ಸುರುಳಿ, ಮಷೀನಿಗೆ ತಂಪು ಕೊಡುವ ಕೂಲೆಂಟ್ ದ್ರವ ಎಲ್ಲ ಸೇರಿ ಪೀಸಿಗೆ ಗೀರು ಬೀಳುತ್ತಿತ್ತಂತೆ. ಇವರು ಸ್ಕ್ರ್ಯಾಪಿನಲ್ಲಿ ಬಿದ್ದಿದ್ದ ಒಂದು ಶೀಟಿಗೆ ಸಾಲಾಗಿ ತೂತು ಹೊಡೆದು, ಅಂಚು ಮಡಚಿ, ಓರೆಯಾಗಿ ಕೂರಿಸಿದ್ದರು. ಸುರುಳಿ, ಕೂಲೆಂಟ್ ಕೆಳಗಿಳಿಯುತ್ತದೆ, ಪೀಸು ಜಾರಿ ಒಂದು ಬದಿಯ ಬಟ್ಟೆಯ ಮೇಲೆ ಬಂದು ನಿಲ್ಲುತ್ತದೆ. ಶೀಟಿನ ಅಂಚು ಕೈಗೆ ತಾಗದಿರಲಿ ಅಂತ ಹಳೆಯ ರಬ್ಬರ್ ಪೈಪು ಸೀಳಿ ಸಿಕ್ಕಿಸಿದ್ದರು. ಯಾರಿಗಾದರೂ ಹೇಳಿದ್ರಾ ಅಣ್ಣ ಅಂದೆ. "ಯಾರೂ ಕೇಳಿಲ್ಲಲ್ರೀ" ಅಂದರು.

ನನ್ನ ಥೀಸಿಸ್‌ನ ಮುಖ್ಯ ಅಧ್ಯಾಯ ಆ ಒಂದು ಮಾತಿನ ಮೇಲೆ ನಿಂತಿದೆ. ಇನ್‌ಸ್ಪೆಕ್ಷನ್ ಟೇಬಲ್ಲಿನ ಅಕ್ಕ ಒಬ್ಬರು ಅಳತೆ ನೋಡುವ ಗೇಜ್, ಟ್ರೇ ಇಡುವ ಜಾಗ ಬದಲಾಯಿಸಿಕೊಂಡು ಹೆಗಲು ನೋವು ಕಮ್ಮಿ ಮಾಡಿಕೊಂಡಿದ್ದರು, ಅದರಿಂದ ಪೀಸು ಕಲಸುಮೇಲೋಗರ ಆಗುವುದೂ ನಿಂತಿತ್ತು. ಇನ್ನೊಬ್ಬರು ಹಿಂದೆ ಕೆಲಸ ಮಾಡಿದ ಕಡೆ ಸಜೆಷನ್ ಬಾಕ್ಸಿಗೆ ಚೀಟಿ ಹಾಕಿ ಹಾಕಿ, ಒಂದಕ್ಕೂ ಉತ್ತರ ಬರದೆ ಬಿಟ್ಟುಬಿಟ್ಟಿದ್ದರು. ಬಹುಮಾನ ಬೇಕು ಅಂತ ಅವರಲ್ಲಿ ಯಾರೂ ಕೇಳಲಿಲ್ಲ. ಆಗುತ್ತೆ ಅಥವಾ ಆಗಲ್ಲ, ಯಾಕೆ ಅಂತ ಒಂದು ಮಾತು ಹೇಳಿ ಅಂದರು ಅಷ್ಟೇ. ಸಣ್ಣ ಯೂನಿಟ್, ಮಾತಾಡಿದವರು ಕೆಲವೇ ಜನ, ಇದೇ ಎಲ್ಲ ಕಡೆ ನಿಜ ಅಂತ ನಾನು ಹೇಳುವುದಿಲ್ಲ, ಹೇಳಬಾರದು ಅನ್ನುವುದೂ ಒಂದು ನಿಯಮವೇ. ಆದರೆ ಕೆಲಸದ ಜಾಗದಲ್ಲಿ ಭಯವಿಲ್ಲದೆ ಬಾಯಿ ಬಿಡುವುದರ ಬಗ್ಗೆ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1999ರಲ್ಲಿ ಬರೆದಿದ್ದನ್ನು ಓದಿದವಳಿಗೆ, ಅದನ್ನು ಪೀಣ್ಯದ ಸ್ಟೋರ್ ರೂಮಿನಲ್ಲಿ ಕಣ್ಣಾರೆ ನೋಡುವ ಭಾಗ್ಯ ಸಿಕ್ಕಿತು. ಹೆಸರು ಬರುವುದಿಲ್ಲ ಅನ್ನುವ ಖಾತ್ರಿ ಇಲ್ಲದಿದ್ದರೆ ಅವರು ಮಾತಾಡುತ್ತಲೇ ಇರಲಿಲ್ಲ. ಆ ಅರ್ಜಿ ಬರೆಸಿದ ಕಮಿಟಿಯವರಿಗೂ ಅದಕ್ಕೇ ನಾನು ಮನಸಾರೆ ಥ್ಯಾಂಕ್ಸ್ ಹೇಳುತ್ತಿರುವುದು.

ಒಬ್ಬ ಅಣ್ಣ ಮಾತ್ರ "ನನ್ ಹೆಸರು ಹಾಕ್ಬಿಡಿ ಮೇಡಂ, ಮಗಳಿಗೆ ತೋರಿಸ್ತೀನಿ" ಅಂದಿದ್ದರು. ಹಾಕಲು ಆಗಲಿಲ್ಲ ಅಣ್ಣ. ನೀವು ಹೇಳಿದ ಮಾತು ಯಾವ ಪುಟದಲ್ಲಿದೆ ಅಂತ ಗುರುತು ಹಾಕಿ ಪ್ರತಿ ತಂದುಕೊಡುತ್ತೇನೆ, ಮಗಳಿಗೆ ನೀವೇ ತೋರಿಸಿ.

ಇನ್ನು ಉಳಿದವರು. ಮಾತುಗಳನ್ನು ವಿಷಯವಾರು ವಿಂಗಡಿಸುವಾಗ ನಾನೊಬ್ಬಳೇ ಮಾಡಿದರೆ ಸಾಲದು, ಇನ್ನೊಬ್ಬರು ಬೇರೆಯಾಗಿ ಮಾಡಿ ಎರಡೂ ಎಷ್ಟು ತಾಳೆಯಾಗುತ್ತದೆ ಅಂತ ನೋಡಬೇಕು, ಅದಕ್ಕೆ ಕಪ್ಪಾ ಅನ್ನುವ ಲೆಕ್ಕ ಇದೆ. ಆ ಬೇಜಾರಿನ ಕೆಲಸವನ್ನು ತನ್ನ ಥೀಸಿಸ್ ಬಿಟ್ಟು ನನಗಾಗಿ ಮಾಡಿಕೊಟ್ಟವಳು ಧಾರವಾಡದ ಗೆಳತಿ, ಎನ್ಸ್ಖೆಡೆಯಲ್ಲೇ ಓದುತ್ತಿರುವವಳು. ತಾಳೆಯಾಗದ ಕಡೆ ನನ್ನ ಜೊತೆ ಜಗಳವಾಡಿದ್ದಕ್ಕೂ ಥ್ಯಾಂಕ್ಸ್ ಕಣೇ, ಒಂದು ಉಪವಿಭಾಗ ನೆಟ್ಟಗಾಗಿದ್ದು ಆ ಜಗಳದಿಂದಲೇ. ಡಿಫೆನ್ಸ್ ದಿನ ಚಿತ್ರಾನ್ನ ಮಾಡಿಕೊಂಡು ಬಂದ ಅಲ್ಲಿನ ಕನ್ನಡದ ಮನೆಯವರಿಗೆ, ಅಪ್ಪ ಅಮ್ಮನಿಗೆ, ಲೋನಿಗೆ ಜಾಮೀನು ನಿಂತ ಸೋದರಮಾವನಿಗೆ ನಮಸ್ಕಾರ. ಮಾವ, ಕೆಲಸ ಹುಡುಕಲು ಅಲ್ಲಿ ಒಂದು ವರ್ಷದ ಪರವಾನಗಿ ಸಿಗುತ್ತದೆ, ಅರ್ಜಿ ಹಾಕಿದ್ದೇನೆ, ಚಿಂತೆ ಮಾಡಬೇಡಿ.

ಥೀಸಿಸ್‌ನ ಸಾರವನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿದ್ದೇನೆ. ಮುಂದಿನ ತಿಂಗಳು ಊರಿಗೆ ಬಂದಾಗ ಪೀಣ್ಯಕ್ಕೆ ಹೋಗಿ, ಟೀ ಬ್ರೇಕಿನಲ್ಲಿ ಎಲ್ಲರಿಗೂ ಓದಿ ಹೇಳುವುದು ಅಂತ ಓನರ್ ಜೊತೆ ಮಾತಾಗಿದೆ. ಅದರಲ್ಲಿ ತಪ್ಪು ಅನ್ನಿಸಿದ್ದನ್ನು ಅಲ್ಲೇ ಹೇಳಿ ಅಂತ ಕೇಳಿಕೊಳ್ಳುತ್ತೇನೆ. ಇದೇ ವಿಷಯದಲ್ಲಿ ಥೀಸಿಸ್ ಮಾಡಲು ಹೊರಟವರು ಯಾರಾದರೂ ಇದ್ದರೆ ಒಪ್ಪಿಗೆ ಪತ್ರದ ಕನ್ನಡ ಪ್ರತಿ ನನ್ನ ಹತ್ತಿರ ಇದೆ, ಕೇಳಿ, ಕಳಿಸುತ್ತೇನೆ.