ಶೀರ್ಷಿಕೆಯಲ್ಲೇ 'ಇಲಿಗಳಲ್ಲಿ' ಎಂದು ಬರೆಯಿರಿ

ಮಾನ್ಯರೇ,

ನನ್ನ ತಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ಎದುರಿನ ಗೋಡೆಯ ಗಡಿಯಾರ ನೋಡಿ ಸಮಯ ಹೇಳುತ್ತಾನೆ, ಆದರೆ ಕಾಲ ಬಳಿಯ ಸ್ಟೂಲಿಗೆ ಎಡವುತ್ತಾನೆ. ಇರುಳು ನೋಟ, ಆಮೇಲೆ ಅಂಚಿನ ನೋಟ ಹೋಗುವ ಈ ವಂಶವಾಹಿ ಕಾಯಿಲೆ ಸುಮಾರು 4,000 ಜನರಲ್ಲಿ ಒಬ್ಬರಿಗಿದೆ.

ಅರಿಶಿನದ ಸತ್ವದಿಂದ ಇದು ಗುಣವಾಗುತ್ತದೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಮಂದ ಬೆಳಕನ್ನು ಹಿಡಿಯುವ ಕಣ್ಣಿನ ಪ್ರೋಟೀನಾದ ರೋಡಾಪ್ಸಿನ್‌ನ ಜೀನಿನಲ್ಲಿ ದೋಷವಿದ್ದ ಇಲಿಗಳ ಕಣ್ಣಿಗೆ ಅರಿಶಿನದ ಕರ್ಕ್ಯುಮಿನ್ ನೆರವಾದದ್ದುಂಟು. ಕ್ವೆರ್ಸೆಟಿನ್‌ನಂಥ ಫ್ಲೇವನಾಯ್ಡುಗಳು (ಸಸ್ಯಗಳಲ್ಲಿರುವ ಸಂಯುಕ್ತಗಳು) ಆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಸ್ಥಿರವಾಗಿಡುವುದೂ ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಕಣ್ಣಿನ ಒಳಪರದೆಯಾದ ರೆಟಿನಾ ತಲುಪುವ ಮಾತು ಆಮೇಲಿನದು. ಈ ಕಾಯಿಲೆ ತರುವ ಜೀನುಗಳೋ ಹತ್ತಾರು. ಒಂದಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ.

ಮನುಷ್ಯರ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ವಿಟಮಿನ್ ಎ ಜೊತೆಗೆ ದಿನಕ್ಕೆ 12 ಮಿಲಿಗ್ರಾಂ ಲೂಟಿನ್ (ಸೊಪ್ಪಿನಲ್ಲೂ ಇರುವ ಹಳದಿ ವರ್ಣದ್ರವ್ಯ) ಕೊಟ್ಟಾಗ ಅಂಚಿನ ನೋಟ ಕುಗ್ಗುವ ವೇಗ ಸ್ವಲ್ಪ ತಗ್ಗಿತು, ಅಷ್ಟೇ. ಹೋದ ದೃಷ್ಟಿ ಮರಳಲಿಲ್ಲ. ಸ್ಟಾರ್‌ಗಾರ್ಟ್ ಎಂಬ ಸೋದರ ಕಾಯಿಲೆಯವರಿಗಂತೂ ವಿಟಮಿನ್ ಎ ಗುಳಿಗೆ ಬೇಡವೆಂದೇ ವೈದ್ಯರು ಹೇಳುತ್ತಾರೆ.

ಸಂಶೋಧನೆ ನಡೆಯಲಿ, ಸುದ್ದಿಯೂ ಬರಲಿ. ಪ್ರಯೋಗ ಇಲಿಗಳ ಮೇಲಾದರೆ ಶೀರ್ಷಿಕೆಯಲ್ಲೇ ಹಾಗೆಂದು ಅಚ್ಚು ಹಾಕಿ. ಮೊನ್ನೆ ಇಂಥದ್ದೇ ಒಂದು ಸುದ್ದಿ ಓದಿ ಹೇಳಿದಾಗ ತಮ್ಮ ಕೇಳಿದ್ದು ಎರಡೇ ಪದ: "ಯಾವ ಜೀನು?" ಸುದ್ದಿಯಲ್ಲಿ ಅದೇ ಇರಲಿಲ್ಲ.

– ಓದುಗ