ನಮಗೆ ಗೊತ್ತಿರುವಲ್ಲಿಂದ ಕಲಿಸಿ: ಕೌಶಲ್ಯಾಭಿವೃದ್ಧಿ ಸಚಿವರಿಗೆ ಗದಗಿನ ಡಿಟಿಪಿ ಆಪರೇಟರ್ ಬರೆದ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಗದಗ-ಬೆಟಗೇರಿಯವಳು. 1999ರಿಂದ ಡಿಟಿಪಿ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಚ್ಚಿಗೆ ಪುಟ ಕಟ್ಟುವ ಕೆಲಸ, ಮಾಡಿಕೊಂಡು ಬಂದಿದ್ದೇನೆ. ನಮ್ಮೂರನ್ನು ಮುದ್ರಣ ಕಾಶಿ ಅಂತ ಕರೆಯುವುದು ತಮಗೆ ಗೊತ್ತೇ ಇದೆ. ಶಾಲಾ ಪುಸ್ತಕ, ಕ್ಯಾಲೆಂಡರ್, ಪಂಚಾಂಗ, ಮಠಗಳ ಗ್ರಂಥ, ಲಗ್ನಪತ್ರಿಕೆ ಎಲ್ಲವೂ ಇಲ್ಲಿ ಅಚ್ಚಾಗಿ ಊರೂರಿಗೆ ಹೋಗಿವೆ. ಆ ಯಂತ್ರಗಳಿಗೆ ಹಗಲೂ ರಾತ್ರಿ ಪುಟ ಕಟ್ಟಿಕೊಟ್ಟವರು ನನ್ನಂಥ ಆಪರೇಟರ್‌ಗಳು. ಗದಗಿನಲ್ಲಷ್ಟೇ ಅಲ್ಲ, ಹುಬ್ಬಳ್ಳಿ, ಧಾರವಾಡ, ಮೈಸೂರು, ಬೆಂಗಳೂರಿನ ಅವೆನ್ಯೂ ರಸ್ತೆ, ಚಾಮರಾಜಪೇಟೆ, ಎಲ್ಲೆಲ್ಲಿ ಪ್ರೆಸ್ ಇತ್ತೋ ಅಲ್ಲೆಲ್ಲ ಒಂದು ಸಣ್ಣ ಕೋಣೆಯಲ್ಲಿ ನಮ್ಮವರು ಇದ್ದರು. ಈಗ ಆ ಕೋಣೆಗಳು ಒಂದೊಂದಾಗಿ ಮುಚ್ಚುತ್ತಿವೆ.

ಆ ಕೆಲಸವನ್ನು ಉಳಿಸಿಕೊಡಿ ಅಂತ ನಾನು ಕೇಳುತ್ತಿಲ್ಲ. ಅದು ಉಳಿಯುವುದಿಲ್ಲ ಅನ್ನುವುದು ನಮಗೇ ಎಲ್ಲರಿಗಿಂತ ಮೊದಲು ತಿಳಿದದ್ದು. ಹೊಸದನ್ನು ಕಲಿಯಲು ನಾವು ತಯಾರಿದ್ದೇವೆ. ಕಲಿಸುವಾಗ ನಮಗೆ ಏನೂ ಬರುವುದಿಲ್ಲ ಅಂದುಕೊಂಡು ಕಲಿಸಬೇಡಿ, ಇದೊಂದೇ ನನ್ನ ಬಿನ್ನಹ.

ಕೆಲಸ ಹೋದದ್ದು ಒಂದೇ ಏಟಿಗಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅಂಗಡಿಕಾರರು ಕಂಪ್ಯೂಟರ್ ಬಿಲ್ಲಿಗೆ ಹೋದರು, ಬಿಲ್ ಬುಕ್ಕಿನ ಆರ್ಡರ್ ಇಳಿಯಿತು. ಅದೇ ವರ್ಷ ಗೂಗಲ್ಲಿನವರು ಕನ್ನಡದಲ್ಲಿ ಮಾತಾಡಿದರೆ ಫೋನೇ ಟೈಪ್ ಮಾಡುವ ಸೌಲಭ್ಯ ತಂದರು. ಕೈಬರಹದ ಹಾಳೆ ಹಿಡಿದು ಬರುತ್ತಿದ್ದ ಲೇಖಕರು ಮನೆಯಲ್ಲೇ ಕೂತು ಫೋನಿಗೆ ಓದಿ ಹೇಳತೊಡಗಿದರು. 2020ರ ಲಾಕ್‌ಡೌನ್‌ನಲ್ಲಿ ಲಗ್ನಪತ್ರಿಕೆ ವಾಟ್ಸಾಪಿಗೆ ಹೋಯಿತು. ಮತ್ತೆ ಮದುವೆಗಳು ದೊಡ್ಡದಾಗಿ ನಡೆದರೂ ಪತ್ರಿಕೆಗಳು ಮೊದಲಿನಷ್ಟು ಅಚ್ಚಾಗಲಿಲ್ಲ. ಪುಟ ಕಟ್ಟಲು ನಾವು ಬಹುಕಾಲ ನೆಚ್ಚಿಕೊಂಡಿದ್ದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಹೊಸ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಓಡುವುದಿಲ್ಲ. ಅದಕ್ಕೆಂದೇ ಹಳೆಯ ವಿಂಡೋಸ್ ಇರುವ ಒಂದು ಪೆಟ್ಟಿಗೆಯನ್ನು ರಿಪೇರಿ ಮಾಡಿಸಿ ಮಾಡಿಸಿ ಇಟ್ಟುಕೊಂಡ ಅಂಗಡಿಗಳು ಇವತ್ತಿಗೂ ಇವೆ.

ಕೆಲಸ ಕಡಿಮೆಯಾದಾಗ ನಾನು ಮತ್ತು ನನ್ನ ಜೊತೆಯ ಇಬ್ಬರು ಒಂದು ತರಬೇತಿ ಕೇಂದ್ರಕ್ಕೆ ಹೋದೆವು. ಅಲ್ಲಿ ಮೊದಲು ಕೇಳಿದ್ದು ವಯಸ್ಸು. ಆಮೇಲೆ ಕೇಳಿದ್ದು ಎಲ್ಲಿಯವರೆಗೆ ಓದಿದ್ದೀರಿ ಅಂತ. ಏನು ಕೆಲಸ ಮಾಡುತ್ತೀರಿ ಅಂತ ಯಾರೂ ಕೇಳಲಿಲ್ಲ. ನಮ್ಮ ಮೂವರಲ್ಲಿ ಹಿರಿಯರಾದ ಅಕ್ಕನವರಿಗೆ ಹೊಲಿಗೆಗೆ ಹೆಸರು ಬರೆಸಿ ಎಂದರು. ನನಗೆ ಬೇಸಿಕ್ ಕಂಪ್ಯೂಟರ್ ಕೋರ್ಸು ತೋರಿಸಿದರು. ಮೌಸ್ ಹಿಡಿಯುವುದು, ಫೋಲ್ಡರ್ ಮಾಡುವುದು, ಇಂಗ್ಲಿಷಿನಲ್ಲಿ ಅರ್ಜಿ ಟೈಪ್ ಮಾಡುವುದು ಅದರ ಪಾಠ. ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ತರಗತಿ. ಅಲ್ಲಿದ್ದ ಹುಡುಗ ಕೆಟ್ಟವನೇನಲ್ಲ, ಅವನ ಮುಂದಿದ್ದ ಅರ್ಜಿ ನಮೂನೆಯಲ್ಲೇ ನಮಗೆ ಜಾಗ ಇರಲಿಲ್ಲ. ಹೊಲಿಗೆ ಒಳ್ಳೆಯ ಕಸುಬು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಕನ್ನಡದ ಪುಟದ ಮೇಲೆ ಇಡೀ ಆಯುಷ್ಯ ಕಳೆದವರನ್ನು ಆ ಪುಟದಿಂದ ಎಬ್ಬಿಸಿ ಕಳಿಸುವ ಮೊದಲು, ಆ ಕಲಿಕೆಗೆ ಇನ್ನೆಲ್ಲಾದರೂ ಬೆಲೆಯಿದೆಯೇ ಅಂತ ಒಂದು ಸಲ ನೋಡಬೇಕಲ್ಲವೇ?

ಬೆಲೆಯಿದೆ ಸಾರ್. ಅದನ್ನು ಹೇಳುವುದಕ್ಕೇ ಈ ಪತ್ರ.

ಸುಮಾರು 1990ರಿಂದ ಈಚೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಕನ್ನಡದಲ್ಲಿ ಅಚ್ಚಾದದ್ದರಲ್ಲಿ ಬಹುಪಾಲು ನುಡಿ, ಬರಹ, ಶ್ರೀಲಿಪಿ, ಆಕೃತಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು. ಶ್ರೀಲಿಪಿಯಲ್ಲಿ ಕಟ್ಟಿದ್ದನ್ನು ನುಡಿಯಲ್ಲಿ ತೆರೆದರೂ ಅದೇ ಗೋಜಲು. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಜಾಗ ಗೊತ್ತುಮಾಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರಲ್ಲೇ ಸಿಕ್ಕಿತ್ತು. ಆದರೆ ನಾವು ಬಳಸುತ್ತಿದ್ದ ಪುಟವಿನ್ಯಾಸದ ತಂತ್ರಾಂಶಕ್ಕೆ ಅದು ಗೊತ್ತಿರಲಿಲ್ಲ. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವ ವ್ಯವಸ್ಥೆ ಬಂದದ್ದು 2012ರ ಆವೃತ್ತಿಯಲ್ಲಿ. ಅಲ್ಲಿಯವರೆಗಿನದೆಲ್ಲ, ಅದರ ನಂತರದ್ದೂ ಎಷ್ಟೋ, ಹಳೆಯ ಫಾಂಟಿನಲ್ಲೇ ಇದೆ.

ಅಂದರೆ ಅಕಾಡೆಮಿಗಳು, ಪ್ರಾಧಿಕಾರಗಳು, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ತಂದ ಎಷ್ಟೋ ಪುಸ್ತಕಗಳ ಮೂಲ ಕಡತ ಇವತ್ತು ಯಾವುದೋ ಪ್ರೆಸ್ಸಿನ ಸಿ.ಡಿ.ಯಲ್ಲೋ ಹಾರ್ಡ್ ಡಿಸ್ಕಿನಲ್ಲೋ ಬಿದ್ದಿದೆ. ಅದರೊಳಗೆ ಒಂದು ಪದವನ್ನು ಹುಡುಕಲಾಗುವುದಿಲ್ಲ. ಫೋನಿನಲ್ಲಿ ಓದಲಾಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ತನ್ನ ಕಂಪ್ಯೂಟರಿಗೆ ಓದು ಎಂದರೆ, ಅದು ಆ ಇಂಗ್ಲಿಷ್ ಅಕ್ಷರಗಳನ್ನೇ ಒಂದೊಂದಾಗಿ ಒದರುತ್ತದೆ.

ಹಳೆಯ ಫಾಂಟನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳಿವೆಯಲ್ಲ ಎಂದು ಅಧಿಕಾರಿಗಳು ತಮಗೆ ಹೇಳಬಹುದು. ಇವೆ, ನಾವೂ ಬಳಸುತ್ತೇವೆ. ಅದರಿಂದ ಹೊರಬಂದ ಒಂದು ಪುಟವನ್ನು ದಯವಿಟ್ಟು ಒಮ್ಮೆ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರ ಆದ ಮೇಲೆ ಹಾಕುತ್ತಿದ್ದೆವು, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವ ಮೊದಲ ಜಾಗ ಇದು. ಗಡಿಬಿಡಿಯಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿದ ಕಡತಗಳೂ ಇರುತ್ತವೆ. ಅಲ್ಲಿ ‘ಸೂರ್ಯ’ ಹೋಗಿ ‘ಸೂಯ೯’ ಆಗುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಇದ್ದರೆ ಇನ್ನೂ ಕಷ್ಟ. ‘ಅಂಗಡಿ’, ‘ಅ೦ಗಡಿ’ ಎರಡೂ ಕಣ್ಣಿಗೆ ಒಂದೇ, ಆದರೆ ಎರಡನೆಯದನ್ನು ಸಾಮಾನ್ಯ ಹುಡುಕಾಟ ಹಿಡಿಯುವುದಿಲ್ಲ. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸಿದರೆ ಥ-ಧ, ಪ-ಷ, ಘ-ಫ ಅದಲು ಬದಲಾಗಿರುತ್ತವೆ. ಮಾತನ್ನು ಅಕ್ಷರಕ್ಕೆ ಇಳಿಸುವ ಯಂತ್ರ ನಮ್ಮ ಭಾಗದ ಮಾತು ಕೇಳಿದರೆ ಎಷ್ಟೋ ಕಡೆ ತನಗೆ ಪರಿಚಯದ ಬೇರೆ ಪದವನ್ನೇ ಬರೆದಿಡುತ್ತದೆ. ಇಂಥ ತಪ್ಪುಗಳನ್ನು ನಾವು ಓದುತ್ತ ಓದುತ್ತಲೇ ಹಿಡಿಯುತ್ತೇವೆ. ಅವು ಎಲ್ಲಿಂದ ಹುಟ್ಟುತ್ತವೆ ಅಂತಲೂ ನಮಗೆ ಗೊತ್ತು, ಯಾಕೆಂದರೆ ಆ ಕೀಲಿಗಳನ್ನು ಒತ್ತಿದವರು ನಾವೇ. ಕನ್ನಡ ಬಲ್ಲ ಹೊಸ ಪದವೀಧರರಿಗೂ ಈ ಕಣ್ಣು ಬರಲು ಬಹಳ ಕಾಲ ಬೇಕು.

ಕೇಂದ್ರ ಸರ್ಕಾರ 2022ರಲ್ಲಿ ಭಾಷಿಣಿ ಯೋಜನೆಗೆ ಚಾಲನೆ ಕೊಟ್ಟು, ಭಾರತದ ಭಾಷೆಗಳ ಮಾತು ಮತ್ತು ಪಠ್ಯವನ್ನು ಯಂತ್ರಗಳಿಗಾಗಿ ಕೂಡಿಸುತ್ತಿದೆ. ಜನ ಸ್ವಇಚ್ಛೆಯಿಂದ ಕೊಡಲಿ ಎಂದು ಭಾಷಾದಾನ ಎಂಬ ವ್ಯವಸ್ಥೆಯನ್ನೂ ಮಾಡಿದೆ. ಕೊಡುವವರು ಕೊಡಲಿ, ಒಳ್ಳೆಯದೇ. ಆದರೆ ಒಂದು ರಾಜ್ಯದ ಮೂವತ್ತು ವರ್ಷದ ಬರಹವನ್ನು ದಾನದ ಕೆಲಸದಿಂದ ಶುದ್ಧ ಮಾಡಲಾಗದು. ಅದು ಕಸುಬಿನ ಕೆಲಸ, ಅದಕ್ಕೆ ಕೂಲಿ ಇರಬೇಕು, ಕಸುಬುದಾರರೂ ಬೇಕು.

ನಮ್ಮ ಹಿಂದಿನ ತಲೆಮಾರಿಗೆ ಏನಾಯಿತು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯ ಕಂಪೋಸಿಟರ್ ಒಬ್ಬರಿದ್ದರು. ಮೊಳೆಯ ಕೆಲಸ ನಿಂತುಹೋಗಿತ್ತು. ಅವರ ಸಂಗಡಿಗರು ಕೆಲವರು ಬೈಂಡಿಂಗಿಗೆ ಹೋಗಿದ್ದರು, ಕೆಲವರು ಕಾಗದದ ರೀಮು ಹೊರುತ್ತಿದ್ದರು. ಇವರನ್ನು ಮಾತ್ರ ಮಾಲೀಕರು ನನ್ನ ಪಕ್ಕದಲ್ಲಿ ಕೂರಿಸಿದರು. ಅವರಿಗೆ ಟೈಪಿಂಗ್ ಬರುತ್ತಿರಲಿಲ್ಲ. ನನಗೆ ಟೈಪಿಂಗ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಪದ ಒಡೆಯುವಾಗ ಒತ್ತಕ್ಷರವನ್ನು ಕತ್ತರಿಸಬಾರದು, ಪ್ಯಾರಾದ ಕೊನೆಯ ಒಂದೇ ಸಾಲು ಮುಂದಿನ ಪುಟದ ತಲೆಗೆ ಹೋಗಬಾರದು, ಬೈಂಡಿಂಗ್ ಕಡೆ ಅಂಚು ಎಷ್ಟು ಬಿಡಬೇಕು, ಇವೆಲ್ಲ ಅವರಿಂದ ಕಲಿತದ್ದು. ಕೀಲಿಮಣೆಯನ್ನು ಅವರೂ ನಿಧಾನಕ್ಕೆ ಹಿಡಿದುಕೊಂಡರು. ಯಂತ್ರ ಬದಲಾದರೂ ಅವರ ವಿದ್ಯೆ ಹಾಳಾಗಲಿಲ್ಲ, ಯಾಕೆಂದರೆ ಅದು ಇದ್ದಲ್ಲಿಂದಲೇ ಒಬ್ಬ ಮಾಲೀಕರು ಮುಂದಕ್ಕೆ ದಾರಿ ಹಾಕಿಕೊಟ್ಟರು. ಬೈಂಡಿಂಗಿಗೆ ಹೋದ ಉಳಿದವರ ವಿದ್ಯೆ ಅವರೊಂದಿಗೇ ಹೋಯಿತು. ಆಗ ಅದು ಒಬ್ಬ ಮಾಲೀಕರ ಒಳ್ಳೆಯತನದ ಮಾತಾಗಿತ್ತು. ಈಗ ತಮ್ಮ ಹೆಸರಿನಲ್ಲಿ ಒಂದು ಇಲಾಖೆಯೇ ಇದೆ.

ವಯಸ್ಸಿನ ಮಾತನ್ನೂ ಹೇಳಿಬಿಡುತ್ತೇನೆ. ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ವಯಸ್ಸು ಸಾಮಾನ್ಯವಾಗಿ 15ರಿಂದ 35. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ 4.0 ಹಂತದ ಅಲ್ಪಾವಧಿ ತರಬೇತಿ 45ಕ್ಕೆ ನಿಲ್ಲುತ್ತದೆ. ನಮ್ಮ ರಾಜ್ಯದ ಯುವನಿಧಿ ಹೊಸದಾಗಿ ಓದು ಮುಗಿಸಿದವರಿಗೆ. ಅವರಿಗೆ ಬೇಡವೆನ್ನುವುದಿಲ್ಲ, ನಮ್ಮ ಮಕ್ಕಳೂ ಅದೇ ಸಾಲಿನಲ್ಲಿದ್ದಾರೆ. ಆದರೆ ತೊಂಬತ್ತರ ದಶಕದಲ್ಲಿ, ಎರಡು ಸಾವಿರದ ಆಸುಪಾಸಿನಲ್ಲಿ ಕಂಪ್ಯೂಟರ್ ಕಲಿತವರ ವಯಸ್ಸು ಈಗ ನಲವತ್ತೈದರಿಂದ ಅರವತ್ತು. ಕಂಪ್ಯೂಟರ್ ಕೆಲಸವೇ ಹಳೆಯದಾಗಿ ಹೋಗುವ ಕಾಲ ಬರುತ್ತದೆ ಅಂತ ಈ ಯೋಜನೆಗಳನ್ನು ಬರೆದವರು ಎಣಿಸಿರಲಿಕ್ಕಿಲ್ಲ. ಕೇಂದ್ರದ ಆ ಕೌಶಲ ವಿಕಾಸ ಯೋಜನೆಯಲ್ಲೇ, ಮೊದಲೇ ಕಲಿತ ವಿದ್ಯೆಗೆ ಮಾನ್ಯತೆ ಕೊಡುವ ಭಾಗಕ್ಕೆ 59ರವರೆಗೆ ಅವಕಾಶವಿದೆ. ಬಾಗಿಲು ಅಷ್ಟಾದರೂ ತೆರೆದಿದೆ. ಆದರೆ ನಮಗೆ ಬರುವುದನ್ನೇ ಬರುತ್ತದೆ ಎಂದು ಪ್ರಮಾಣಪತ್ರ ಕೊಟ್ಟು ಮನೆಗೆ ಕಳಿಸಿದರೆ ಹೊಟ್ಟೆ ತುಂಬುವುದಿಲ್ಲ. ಮಾನ್ಯತೆಯ ಜೊತೆ ಮುಂದಿನ ಪಾಠ, ಪಾಠದ ಜೊತೆ ಕೆಲಸ ಬೇಕು.

ಪಾಠ ಏನಿರಬೇಕು ಎಂದು ನಮ್ಮೊಳಗೆ ಬಹಳ ಮಾತಾಡಿಕೊಂಡಿದ್ದೇವೆ. ಹಳೆಯ ಕಡತವನ್ನು ಯುನಿಕೋಡಿಗೆ ತಂದು ತಿದ್ದುವುದು ಮೊದಲನೆಯದು. ಅಲ್ಲಿಂದ ಇ-ಪುಸ್ತಕ ಕಟ್ಟುವುದು, ಕಣ್ಣು ಕಾಣದವರ ತಂತ್ರಾಂಶ ಓದುವಂತೆ ಶೀರ್ಷಿಕೆ, ಕೋಷ್ಟಕ, ಚಿತ್ರಗಳಿಗೆ ಗುರುತು ಹಾಕುವುದು, ವಿಡಿಯೋಗಳಿಗೆ ಕನ್ನಡ ಅಡಿಬರಹ ಕೂರಿಸುವುದು, ಯಂತ್ರ ಬರೆದದ್ದನ್ನು ಧ್ವನಿ ಕೇಳುತ್ತ ತಿದ್ದುವುದು. ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಸ್ಕ್ರೈಬಸ್, ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತವೆ, ಎರಡರಲ್ಲೂ ಯುನಿಕೋಡ್ ಕನ್ನಡ ನಡೆಯುತ್ತದೆ. ತರಗತಿ ಸಂಜೆ ಆರರ ನಂತರ ಇರಲಿ, ಉಳಿದಿರುವ ಚೂರುಪಾರು ಕೆಲಸ ಬಿಟ್ಟು ಹಗಲಿಗೆ ಬರಲು ನಮಗೆ ಆಗುವುದಿಲ್ಲ. ಪಾಠ ಕನ್ನಡದಲ್ಲಿರಲಿ. ಕಲಿಸುವವರಲ್ಲಿ ಒಬ್ಬರಾದರೂ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರಿರಲಿ. ಹೆಣ್ಣುಮಕ್ಕಳು ಈ ಕೆಲಸದಲ್ಲಿ ಬಹಳ ಮಂದಿ ಇದ್ದಾರೆ. ಸಂಜೆಯ ತರಗತಿ ಬಸ್ ಸ್ಟ್ಯಾಂಡಿನಿಂದ ದೂರದ ಊರಾಚೆಯ ಕಟ್ಟಡದಲ್ಲಿದ್ದರೆ ಅವರು ಬರುವುದಿಲ್ಲ.

ಕೆಲಸದ ವಿಷಯದಲ್ಲಿ ತಮ್ಮ ಇಲಾಖೆ ಒಂದರಿಂದಲೇ ಆಗುವುದಿಲ್ಲ. ಕನ್ನಡ ಮತ್ತು ಸಂಸ್ಕೃತಿ, ಗ್ರಂಥಾಲಯ, ಉನ್ನತ ಶಿಕ್ಷಣ ಇಲಾಖೆಗಳ ಜೊತೆ ಕೂತು ಮಾತಾಡಬೇಕು. ಸರ್ಕಾರದ ಹಣದಿಂದ ಬಂದ ಹಳೆಯ ಪುಸ್ತಕಗಳನ್ನು ಯುನಿಕೋಡಿಗೆ ತರುವ ಕೆಲಸವನ್ನು ಜಿಲ್ಲಾವಾರು ಹಂಚಿ, ಪುಟಕ್ಕೆ ಇಷ್ಟು ಎಂದು ದರ ಗೊತ್ತುಮಾಡಿ, ತರಬೇತಿ ಪಡೆದವರ ಗುಂಪುಗಳಿಗೆ ಕೊಡಿ. ದೊಡ್ಡ ಟೆಂಡರ್ ಕರೆದು, ಕೋಟಿ ವಹಿವಾಟು ತೋರಿಸಿ, ಇಷ್ಟು ಇಎಂಡಿ (ಟೆಂಡರಿನ ಮುಂಗಡ ಠೇವಣಿ) ಕಟ್ಟಿ ಎಂದರೆ ನಾವು ಹತ್ತಿರವೂ ಸುಳಿಯಲಾಗದು. ಯಾವುದೋ ದೊಡ್ಡ ಕಂಪನಿ ಹಿಡಿದು, ಕೈಯಿಂದ ಕೈಗೆ ದಾಟಿ, ಕೊನೆಗೆ ನಮ್ಮಂಥವರಿಗೇ ಬಿಡಿಗಾಸಿಗೆ ಬರುತ್ತದೆ. ಸ್ವಸಹಾಯ ಸಂಘಗಳಿಗೆ, ಆಪರೇಟರ್‌ಗಳ ಸಹಕಾರ ಸಂಘಕ್ಕೆ ನೇರವಾಗಿ ಕೊಡುವ ದಾರಿ ಮಾಡಿ. ಲೇಖಕರ ಹಕ್ಕು ಇರುವ ಪುಸ್ತಕಗಳಿಗೆ ಅವರ ಒಪ್ಪಿಗೆ ಬೇಕು, ಅದನ್ನು ಪ್ರಕಾಶಕ ಸಂಸ್ಥೆಗಳೇ ಪಡೆದುಕೊಡಲಿ.

ಈ ಕೆಲಸವೂ ಶಾಶ್ವತವಲ್ಲ ಎಂದು ತಮ್ಮ ಸಲಹೆಗಾರರು ಹೇಳಿದರೆ ಅದು ನಿಜ. ಹಳೆಯ ಕಡತಗಳಿಗೂ ಒಂದು ಕೊನೆ ಇದೆ, ಯಂತ್ರಗಳೂ ಕಲಿಯುತ್ತಲೇ ಇರುತ್ತವೆ. ಆದರೆ ಹಳೆಯ ಪುಸ್ತಕ ತಿದ್ದುತ್ತ ಇ-ಪುಸ್ತಕ ಕಟ್ಟಲು ಕಲಿತವರು ನಾಳೆ ಹೊಸ ಪುಸ್ತಕವನ್ನೂ ಕಟ್ಟುತ್ತಾರೆ. ಅಡಿಬರಹ ಕಲಿತವರಿಗೆ ಶಾಲೆಗಳ ವಿಡಿಯೋ ಪಾಠಗಳಲ್ಲಿ ಕೆಲಸವಿದೆ. ಐವತ್ತೈದು ದಾಟಿ, ಕಣ್ಣು ಸೋತು, ಇನ್ನು ಪರದೆ ನೋಡಲಾಗದು ಎನ್ನುವವರೂ ನಮ್ಮಲ್ಲಿದ್ದಾರೆ. ಪಿ.ಎಫ್., ಇ.ಎಸ್.ಐ. ಕಾಣದೇ ದುಡಿದವರು ಅವರು. ಅವರಿಗೆ ತರಬೇತಿಗಿಂತ ಪಿಂಚಣಿ ಮುಖ್ಯ. ಆ ಮಾತನ್ನು ಕಾರ್ಮಿಕ ಸಚಿವರಿಗೆ ಬೇರೆಯಾಗಿಯೇ ಬರೆಯುತ್ತೇನೆ.

ಗದಗ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಒಂದು ತಂಡದಿಂದ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ. ಪ್ರೆಸ್ಸುಗಳು ಇಲ್ಲಿವೆ, ಹಳೆಯ ಕಡತಗಳು ಇಲ್ಲಿವೆ, ಅವನ್ನು ಬಲ್ಲವರೂ ಇಲ್ಲೇ ಇದ್ದಾರೆ. ಇಲಾಖೆಯಿಂದ ಒಬ್ಬ ಅಧಿಕಾರಿಯನ್ನು ಕಳಿಸಿದರೆ, ಯಾವ ಅಂಗಡಿಯಲ್ಲಿ ಏನಿದೆ, ಯಾರಿಗೆ ಏನು ಬರುತ್ತದೆ, ಯಾರಿಗೆ ಏನು ಕಲಿಸಬೇಕು ಎಂಬ ಪಟ್ಟಿಯನ್ನು ನಾವೇ ಮಾಡಿಕೊಡುತ್ತೇವೆ. ಮೊದಲ ತಂಡಕ್ಕೆ ಹೆಸರು ಕೊಡಲು ನಾನು ಮತ್ತು ನನ್ನ ಸಂಗಡಿಗರು ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,
ಒಬ್ಬ ಡಿಟಿಪಿ ಆಪರೇಟರ್,
ಗದಗ-ಬೆಟಗೇರಿ